ಅಂಗೈಗೊಂದು ಕವಚ: ಬೈಕ್ ಸವಾರರ ಕೈಗವಸಿನ ಚರಿತ್ರೆ

ಕಳೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ತರುಣನೊಬ್ಬ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಎದೆಗೆ ಆನಿಸಿಕೊಂಡಿದ್ದನು. ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಬ್ಯಾಂಡೇಜು. ಓದಿಗೆಂದು ಕರ್ನಾಟಕದಿಂದ ಬ್ರಿಟನ್ನಿಗೆ ಬಂದವನು; ಬಸ್ಸಿಲ್ಲದ ಹೊತ್ತಿನಲ್ಲಿ ಗೋದಾಮಿನ ಪಾಳಿ ಕೆಲಸಕ್ಕೆ ಹೋಗಿಬರಲು 125 ಸಿಸಿಯ ಹಳೆಯ ಬೈಕೊಂದನ್ನು ಕೊಂಡಿದ್ದನು. ವೃತ್ತದ ತಿರುವಿನಲ್ಲಿ ಒದ್ದೆ ಎಲೆಗಳ ಮೇಲೆ ಚಕ್ರ ಜಾರಿತು. ವೇಗ ಗಂಟೆಗೆ 20 ಮೈಲಿಯೂ ಇರಲಿಲ್ಲವಂತೆ. ತಲೆಗೆ ಒಳ್ಳೆಯ ಹೆಲ್ಮೆಟ್ಟಿತ್ತು, ಕೈಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಉಣ್ಣೆಯ ಗವಸು. ತಲೆಗೆ ಏನೂ ಆಗಲಿಲ್ಲ. ಅಂಗೈಯ ಚರ್ಮ ಟಾರು ರಸ್ತೆಗೆ ಹೋಯಿತು. ಆ ದಿನ ಅವನು ಹೋಳಿಗೆಯನ್ನು ಚಮಚದಿಂದ ಕತ್ತರಿಸಿ ತಿನ್ನುತ್ತಿದ್ದುದನ್ನು ಕಂಡು ಪಕ್ಕದ ಹಿರಿಯರೊಬ್ಬರು, "ಗವಸು ಹಾಕಿದ್ದೆಯಲ್ಲಪ್ಪಾ, ಮತ್ತೇಕೆ ಹೀಗಾಯಿತು?" ಎಂದು ಕೇಳಿದರು. ಆ ಪ್ರಶ್ನೆಗೆ ಊಟದ ಸಾಲಿನಲ್ಲಿ ನಿಂತು ಉತ್ತರಿಸುವುದು ಸಾಧ್ಯವಾಗಲಿಲ್ಲ. ಅದಕ್ಕಾಗಿ ಈ ಲೇಖನ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆ ನಮ್ಮದು. ಆದರೂ ಸವಾರನ ಅಂಗೈಯನ್ನು ವೈದ್ಯಲೋಕವಾಗಲಿ ಕಾನೂನಾಗಲಿ ಬಹುಕಾಲ ಗಮನಿಸಲೇ ಇಲ್ಲ. ತಲೆಯ ಕಥೆ ಹಾಗಲ್ಲ. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ ವೈದ್ಯಾಧಿಕಾರಿಯಾಗಿದ್ದ ಡಾ. ಎರಿಕ್ ಗಾರ್ಡ್ನರ್ ಅವರು ಕ್ಯಾನ್ವಾಸಿಗೆ ಅರಗು ಬಳಿದು ಮಾಡಿಸಿದ ಶಿರಸ್ತ್ರಾಣವು 1914ರ ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಕಡ್ಡಾಯವಾಯಿತು. 1935ರ ಮೇ ತಿಂಗಳಲ್ಲಿ 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸ್ ತಮ್ಮ ಬ್ರೌ ಸುಪೀರಿಯರ್ ಬೈಕಿನಿಂದ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡರು. ಅವರ ಹಾಸಿಗೆಯ ಬಳಿಗೆ ಬಂದ ವೈದ್ಯರಲ್ಲಿ ಒಬ್ಬರು ಆಸ್ಟ್ರೇಲಿಯಾ ಮೂಲದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್. ಬೈಕ್ ಸವಾರರ ತಲೆಗಾಯಗಳನ್ನು ಕುರಿತು 1941ರಲ್ಲಿ ಅವರು ಪ್ರಕಟಿಸಿದ ಲೇಖನದ ಫಲವಾಗಿ ಬ್ರಿಟಿಷ್ ಸೇನೆಯ ಸವಾರರಿಗೆ ಅದೇ ವರ್ಷ ಹೆಲ್ಮೆಟ್ ಕಡ್ಡಾಯವಾಯಿತು. ಸಾಮಾನ್ಯ ಜನರಿಗೆ ಅದೇ ಕಾನೂನು ಬರಲು 1973 ಆಗಬೇಕಾಯಿತು. ತಲೆಗೆ ಪೆಟ್ಟಾದರೆ ಮನುಷ್ಯ ಸಾಯುತ್ತಾನೆ. ಕೈಗೆ ಪೆಟ್ಟಾದರೆ ಸಾಯುವುದಿಲ್ಲ. ಲೆಕ್ಕ ಇಷ್ಟೇ ಆದ್ದರಿಂದ ಕೈ ಹಿಂದೆ ಉಳಿಯಿತು. ವೈದ್ಯರಾಗಿ ಆ ಲೆಕ್ಕ ತಪ್ಪೆಂದು ಹೇಳಲಾರೆವು. ಆದರೆ ಸಾಯದೆ ಉಳಿದವನು ನಾಳೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಬೇಕು, ಅನ್ನ ಕಲಸಬೇಕು, ಲೇಖನಿ ಹಿಡಿಯಬೇಕು.

ಕೈಗವಸಿನ ಚರಿತ್ರೆಯನ್ನು ಅರಿಯಬಯಸುವವರು ವುಸ್ಟರ್ ನಗರದಿಂದ ಆರಂಭಿಸುವುದು ಒಳ್ಳೆಯದು. ಲಂಡನ್ನಿನ ಗವಸುಗಾರರ ಸಂಘಕ್ಕೆ 1349ರಷ್ಟು ಹಿಂದೆಯೇ ನಿಯಮಾವಳಿ ಇತ್ತಾದರೂ, ಈ ಕಸುಬು ಊರಿಗೆ ಊರೇ ಆಗಿ ಬೆಳೆದುದು ವುಸ್ಟರಿನಲ್ಲಿ. ಇಂದಿಗೂ ಹೆಸರುಳಿಸಿಕೊಂಡಿರುವ ಡೆಂಟ್ಸ್ ಮತ್ತು ಫೌನ್ಸ್ ಎರಡೂ 1777ರಲ್ಲಿ ಅಲ್ಲಿ ಹುಟ್ಟಿದವು. ಕಸುಬಿನ ಉಚ್ಛ್ರಾಯ ಕಾಲದಲ್ಲಿ ಇಂಗ್ಲೆಂಡಿನ ಗವಸುಗಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ, ಎಂದರೆ 30,000ಕ್ಕೂ ಮಿಕ್ಕಿದವರು, ಆ ನಗರದಲ್ಲೂ ಸುತ್ತಣ ಹಳ್ಳಿಗಳಲ್ಲೂ ಇದ್ದರು. ಚರ್ಮ ಹದ ಮಾಡಿ ಕತ್ತರಿಸುವ ಕೆಲಸ ಗಂಡಸರದು. ಹೊಲಿಗೆ ಹಳ್ಳಿಯ ಹೆಂಗಸರದು. ಮನೆಗೆ ತಂದು, ಜೋಡಿಗೆ ಇಷ್ಟೆಂದು ಕೂಲಿ ಪಡೆದು ಹೊಲಿಯುತ್ತಿದ್ದರು. ನಮ್ಮೂರ ಕಡೆ ಬೀಡಿ ಕಟ್ಟುವವರನ್ನು ಕಂಡವರಿಗೆ ಆ ಚಿತ್ರವನ್ನು ವಿವರಿಸಬೇಕಾಗಿಲ್ಲ. 1826ರಲ್ಲಿ ವಿದೇಶಿ ಗವಸುಗಳ ಆಮದಿನ ಮೇಲಿದ್ದ ನಿಷೇಧ ತೆರವಾದಾಗ ಫ್ರೆಂಚ್ ಗವಸುಗಳು ಬಂದಿಳಿದವು. ವುಸ್ಟರಿನ ಎಷ್ಟೋ ಮನೆಗಳಲ್ಲಿ ಒಲೆ ಆರಿತು.

ಆ ಕಸುಬು ನಮಗೆ ಬಿಟ್ಟುಹೋದ ತಿಳಿವಳಿಕೆ ದೊಡ್ಡದು. ಗವಸೆಂದರೆ ಎರಡು ತುಂಡು ಚರ್ಮವನ್ನು ಅಂಚಿನಲ್ಲಿ ಹೊಲಿದ ಚೀಲವಲ್ಲ. ಬೆರಳಿಗೆ ಮೂರನೆಯ ಆಯಾಮ ಕೊಡಲು ಬೆರಳುಗಳ ನಡುವೆ ಉದ್ದ ಪಟ್ಟಿಗಳನ್ನು ಸೇರಿಸುತ್ತಾರೆ. ಆ ಪಟ್ಟಿಯ ಬುಡದಲ್ಲಿ, ಬೆರಳು ಅಗಲಿಸಿದಾಗ ಚರ್ಮ ಹರಿಯದಂತೆ, ವಜ್ರಾಕಾರದ ಪುಟ್ಟ ತುಂಡು. ಹೆಬ್ಬೆರಳು ಬೇರೆಯೇ ತುಂಡು, ಏಕೆಂದರೆ ಅದು ಮಿಕ್ಕ ನಾಲ್ಕರಂತೆ ಚಲಿಸುವುದಿಲ್ಲ. ನಮಗೆ ಮೊದಲ ವರ್ಷದ ಅಂಗರಚನಾಶಾಸ್ತ್ರದಲ್ಲಿ ವಾರಗಟ್ಟಲೆ ಕಲಿಸಿದುದನ್ನು ಈ ಕಸುಬುದಾರರು ಕತ್ತರಿಯಲ್ಲಿ ಕಲಿತಿದ್ದರು. ಸಾಮರ್ಸೆಟ್ ಸೀಮೆಯ ಸ್ಟೋಕ್-ಸಬ್-ಹ್ಯಾಮ್ಡನ್ ಹಳ್ಳಿಯ ಜೇಮ್ಸ್ ವಿಂಟರ್ ಎಂಬಾತ 1807ರಲ್ಲಿ 'ಕತ್ತೆ' ಎಂದೇ ಕರೆಯಲಾಗುವ ಇಕ್ಕಳವೊಂದನ್ನು ರೂಪಿಸಿದನು. ಹಿತ್ತಾಳೆಯ ಹಲ್ಲುಗಳ ಈ ಇಕ್ಕಳದಲ್ಲಿ ಚರ್ಮವನ್ನು ಕಚ್ಚಿಸಿ ಹಲ್ಲುಗಳ ಸಂದಿಯಲ್ಲಿ ಸೂಜಿ ಹಾಯಿಸಿದರೆ ಹೊಲಿಗೆಗಳೆಲ್ಲ ಒಂದೇ ಅಂತರದಲ್ಲಿ ಬೀಳುತ್ತಿದ್ದವು. ಹತ್ತಿರದ ಯೋವಿಲ್ ಊರಿನ ಫುಟ್‌ಬಾಲ್ ತಂಡವನ್ನು ಅಭಿಮಾನಿಗಳು ಇಂದಿಗೂ 'ಗವಸುಗಾರರು' ಎಂದೇ ಕೂಗುತ್ತಾರೆ. ಮನೆಯಲ್ಲಿ ಫುಟ್‌ಬಾಲ್ ಹುಚ್ಚಿನ ಮಕ್ಕಳಿದ್ದರೆ ಕೇಳಿ ನೋಡಿ. ಇನ್ನು ಫ್ರಾನ್ಸಿನ ಗ್ರೆನೋಬಲ್ ನಗರದ ಕ್ಸೇವಿಯರ್ ಜೂವಾಂ 1830ರ ದಶಕದಲ್ಲಿ ಮನುಷ್ಯರ ಕೈಗಳನ್ನು ಅಳೆದು ವಿಂಗಡಿಸಿ, ಅಳತೆಗೆ ತಕ್ಕ ಅಚ್ಚಿನಿಂದ ಚರ್ಮ ಕತ್ತರಿಸುವ ಪದ್ಧತಿಯನ್ನು ತಂದನು. ಇಂದು ಅಂಗಡಿಯ ಗವಸಿನ ಮೇಲೆ 8, 9 ಎಂದು ಕಾಣುವ ಅಂಕಿ ಮೂಲತಃ ಹೆಬ್ಬೆರಳನ್ನು ಬಿಟ್ಟು ಗೆಣ್ಣುಗಳ ಸುತ್ತ ಅಳೆದ ಅಂಗುಲಗಳ ಲೆಕ್ಕ.

ಇಲ್ಲೊಂದು ಸೋಜಿಗವುಂಟು. ವುಸ್ಟರಿನಿಂದ 20 ಮೈಲಿಯೊಳಗೆ ರೆಡಿಚ್ ಎಂಬ ಊರಿದೆ. ಅದು ಸೂಜಿಯ ಊರು. ಚರ್ಮ ಹೊಲಿಯುವ ಮೂರು ಮೂಲೆಯ ಮೊನೆಯ ಸೂಜಿಯೂ ಅಲ್ಲಿನ ಸರಕು. 1851ರಲ್ಲಿ ಆ ಊರಿನ ಅಂಚಿನಲ್ಲಿ ಜಾರ್ಜ್ ಟೌನ್‌ಸೆಂಡ್ ಎಂಬವರ ಹೆಸರಿನಲ್ಲಿ ಶುರುವಾದ ಸೂಜಿ ಕಾರ್ಖಾನೆಯು ಮುಂದೆ ಸೈಕಲ್ಲಿಗೆ ಹೊರಳಿ, ಕೈಬದಲಾಗಿ, 1901ರಲ್ಲಿ ಮೊದಲ ಮೋಟಾರು ಸೈಕಲ್ಲನ್ನು ಹೊರತಂದಿತು. ಅದೇ ರಾಯಲ್ ಎನ್‌ಫೀಲ್ಡ್! ಭಾರತದ ಸೇನೆ ಗಡಿ ಕಾಯಲು ಆರಿಸಿದ 'ಬುಲೆಟ್' ಅಲ್ಲಿಂದಲೇ ಬಂದು, 1955ರಲ್ಲಿ ಮದರಾಸಿನಲ್ಲಿ ನೆಲೆಯೂರಿತು. ಹೀಗೆ ಒಂದೇ ಸೀಮೆಯಲ್ಲಿ ಗವಸೂ ಬೈಕೂ ಅಕ್ಕಪಕ್ಕ ಇದ್ದವು. ಬುಲೆಟ್ ನಮ್ಮ ನಾಡಿಗೆ ಬಂದಿತು, ಗವಸು ಬರಲಿಲ್ಲ. ರಜೆಯಲ್ಲಿ ಆ ಕಡೆ ಹೋಗುವವರು ರೆಡಿಚ್‌ನ ಫೋರ್ಜ್ ಮಿಲ್ ಸೂಜಿ ಸಂಗ್ರಹಾಲಯವನ್ನು ನೋಡಬಹುದು.

ಮೊದಮೊದಲ ಬೈಕ್ ಸವಾರರು ಧರಿಸುತ್ತಿದ್ದುದು ಗಾಂಟ್ಲೆಟ್: ಮಧ್ಯಯುಗದ ಯೋಧನ ಉಕ್ಕಿನ ಕೈಗವಚದಿಂದ ಹೆಸರನ್ನೂ, ಮೊಣಕೈಯ ಕಡೆಗೆ ಅಗಲವಾಗಿ ತೆರೆದುಕೊಳ್ಳುವ ಆಕಾರವನ್ನೂ ಎರವಲು ಪಡೆದ ಚರ್ಮದ ಗವಸು. ಮೊದಲ ಮಹಾಯುದ್ಧದಲ್ಲಿ ಟ್ರಯಂಫ್ ಬೈಕುಗಳ ಮೇಲೆ ಓಲೆ ಒಯ್ಯುತ್ತಿದ್ದ ಸೈನಿಕರ ಚಿತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ಆದರೆ ಅದು ಹುಟ್ಟಿದ್ದು ಬೀಳುವವನಿಗಾಗಿ ಅಲ್ಲ. ತೋಳಿನೊಳಗೆ ಗಾಳಿ ಮಳೆ ನುಗ್ಗದಿರಲಿ, ಬೆರಳು ಮರಗಟ್ಟದಿರಲಿ, ಎಂಜಿನ್ನಿನ ಎಣ್ಣೆ ಕೈಗೆ ಹತ್ತದಿರಲಿ ಎಂಬುದು ಅದರ ಉದ್ದೇಶ. ಅಂಗೈಯ ಚರ್ಮ ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿಯಬೇಕು, ಜಾರಬಾರದು. ವುಸ್ಟರಿನ ಕುಶಲಿಗಳಿಂದ ಹಿಡಿದು ಮುಂದಿನ ಐದಾರು ತಲೆಮಾರಿನವರೆಗೆ ಒಳ್ಳೆಯ ಗವಸಿನ ಲಕ್ಷಣವೇ ಇದು: ಮೆತ್ತಗಿರಬೇಕು, ಹಿಡಿತ ಬಿಡಬಾರದು.

ಬಿದ್ದಾಗ ಬೇಕಾದುದು ಇದಕ್ಕೆ ಪೂರ್ತಿ ವಿರುದ್ಧ ಎಂಬುದು ಹೊಳೆಯಲು ಬಹಳ ಕಾಲ ಹಿಡಿಯಿತು. ನಮಗೂ ಅದು ಪುಸ್ತಕದಿಂದ ತಿಳಿದುದಲ್ಲ.

ನಮ್ಮ ತಂದೆಯವರ ಬಳಿ ಒಂದು ಯೆಜ್ಡಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರಲ್ಲಿ ಬಾಗಿಲು ಮುಚ್ಚುವವರೆಗೆ ತಯಾರಿಸಿದ ಆ ಬೈಕುಗಳ ಸದ್ದು ಕೇಳಿ ಬೆಳೆದವರು ನಮ್ಮ ಬಳಗದಲ್ಲಿ ಅನೇಕರಿದ್ದಾರೆ. ವೈದ್ಯಕೀಯ ಓದುತ್ತಿದ್ದಾಗ ಒಂದು ಸಂಜೆ ಮರಳು ಚೆಲ್ಲಿದ್ದ ತಿರುವಿನಲ್ಲಿ ಅದರಿಂದ ಬಿದ್ದೆವು. ಬೀಳುವಾಗ ಮನುಷ್ಯ ಕೈ ಚಾಚುತ್ತಾನೆ. ಅದು ಬುದ್ಧಿ ಮಾಡುವ ಕೆಲಸವಲ್ಲ, ಬೆನ್ನುಹುರಿ ಮತ್ತು ಮಿದುಳಿನ ಬುಡ ನಮ್ಮನ್ನು ಕೇಳದೆ ಮಾಡುವ ಕೆಲಸ. ಬರಿಗೈಯ ಅಂಗೈ ರಸ್ತೆಯನ್ನು ಕಚ್ಚಿ ನಿಂತುಬಿಟ್ಟಿತು. ಮೈಯ ಭಾರವೆಲ್ಲ ಹಿಂದಿನಿಂದ ಬಂದು ಮಣಿಕಟ್ಟಿನ ಮೇಲೆ ಕುಳಿತಿತು. ಕಲ್ಲು ಮಣ್ಣು ತೊಳೆದರು, ಊತಕ್ಕೆ ಪಟ್ಟಿ ಕಟ್ಟಿದರು, ಉಳುಕು ಎಂದರು. ಹೆಬ್ಬೆರಳನ್ನು ಮೇಲೆತ್ತಿದಾಗ ಅದರ ಬುಡದಲ್ಲಿ ಮೂಡುವ ಗುಳಿಯನ್ನು ನಮ್ಮ ಶಾಸ್ತ್ರದಲ್ಲಿ ನಶ್ಯದ ಡಬ್ಬಿಯ ಹೆಸರಿನಿಂದ ಕರೆಯುತ್ತಾರೆ. ಹಿಂದಿನವರು ನಶ್ಯದ ಚಿಟಿಕೆಯನ್ನು ಅಲ್ಲಿಟ್ಟು ಏರಿಸುತ್ತಿದ್ದರಂತೆ. ಅಲ್ಲಿ ಒತ್ತಿದರೆ ನೋವಾದರೆ ಸ್ಕೇಫಾಯ್ಡ್ ಎಂಬ ದೋಣಿಯಾಕಾರದ ಪುಟ್ಟ ಮೂಳೆ ಮುರಿದಿರಬಹುದು ಎಂಬುದನ್ನು ಆ ಹೊತ್ತಿಗೆ ನಾವೇ ಪರೀಕ್ಷೆಗೆ ಓದಿ ಬರೆದಿದ್ದೆವು. ಆದರೂ ನಮ್ಮ ಕೈಯನ್ನು ನಾವು ಒತ್ತಿ ನೋಡಿಕೊಳ್ಳಲಿಲ್ಲ. ಎಂಟು ವಾರಗಳ ಮೇಲೆ ಬಿರುಕು ಎಕ್ಸ್‌ರೇಯಲ್ಲಿ ಕಂಡಿತು. ಈ ಮೂಳೆಗೆ ರಕ್ತ ಬರುವುದು ಬೆರಳಿನ ಕಡೆಯಿಂದ ಹಿಮ್ಮುಖವಾಗಿ. ನಡುವೆ ಮುರಿದರೆ ಮಣಿಕಟ್ಟಿನ ಕಡೆಯ ತುಂಡು ರಕ್ತವಿಲ್ಲದೆ ಸಾಯುವ ಭಯ. ಒಂದು ಸ್ಕ್ರೂ ಇಂದಿಗೂ ಅಲ್ಲಿದೆ. ಇಲ್ಲಿನ ಜನವರಿಯ ಬೆಳಗಿನಲ್ಲಿ ಅದು ತನ್ನ ಇರವನ್ನು ತಾನೇ ಹೇಳುತ್ತದೆ.

ಆಧುನಿಕ ಗವಸಿನ ದೊಡ್ಡ ಬದಲಾವಣೆ ಈ ಜಾಗದಲ್ಲೇ ಆಯಿತು. ಅಂಗೈಯ ಬುಡದಲ್ಲಿ, ಮೊದಲು ನೆಲಕ್ಕೆ ತಾಗುವ ಕಡೆ, ಗಟ್ಟಿಯಾದ ನುಣುಪು ತುಂಡುಗಳನ್ನು ಕೂರಿಸಿದರು. ಚರ್ಮದಂತೆ ಅದು ರಸ್ತೆಯನ್ನು ಕಚ್ಚುವುದಿಲ್ಲ, ಜಾರುತ್ತದೆ. ಕೈ ಜಾರಿದರೆ ಮಣಿಕಟ್ಟಿಗೆ ಬರುವ ತಿರುಚು ಕಡಿಮೆ. ಇಂಗ್ಲೆಂಡಿನ ಕಂಬ್ರಿಯಾದ ನಾಕ್ಸ್ ಸಂಸ್ಥೆ ತನ್ನ ಈ ಜೋಡಿ ತುಂಡಿಗೆ ಸ್ಕೇಫಾಯ್ಡ್ ಮೂಳೆಯ ಹೆಸರನ್ನೇ ಇಟ್ಟಿತು. ಅದನ್ನು ಮೊದಲ ಬಾರಿ ಅಂಗಡಿಯಲ್ಲಿ ಓದಿದಾಗ ನಮಗೆ ಹಳೆಯ ಪರಿಚಯದವರು ಎದುರಾದಂತಾಯಿತು. ಇನ್ನೊಂದು ಸುಧಾರಣೆ ಕಿರುಬೆರಳಿನದು. ಕೈ ಜಾರುವಾಗ ಹೊರ ಅಂಚಿನ ಕಿರುಬೆರಳು ಒಂಟಿಯಾಗಿ ಸಿಕ್ಕಿ ತಿರುಚಿಕೊಳ್ಳುತ್ತದೆ. ಇಟಲಿಯ ಆಲ್ಪೈನ್‌ಸ್ಟಾರ್ಸ್ ಮೊದಲಾದವರು ಪಂದ್ಯದ ಗವಸುಗಳಲ್ಲಿ ಅದನ್ನು ಉಂಗುರದ ಬೆರಳಿಗೆ ಚರ್ಮದ ಸೇತುವೆಯಿಂದ ಬೆಸೆದರು. ಕೆಲವರಿಗೆ ಅದು ಹಾಕಿಕೊಳ್ಳಲು ಕಿರಿಕಿರಿ. ನಮಗೆ ಅಭ್ಯಾಸವಾಗಲು ಒಂದು ವಾರ ಹಿಡಿಯಿತು.

ಚರ್ಮದಲ್ಲೂ ಆಯ್ಕೆ ಬೆಳೆಯಿತು. ದನದ ಚರ್ಮ ಗಟ್ಟಿ, ಆದರೆ ದಪ್ಪ. ಮೇಕೆಯದು ತೆಳು, ಮೃದು. ಕಾಂಗರೂ ಚರ್ಮದಲ್ಲಿ ಎಳೆಗಳು ಮೇಲ್ಮೈಗೆ ಸಮಾನಾಂತರವಾಗಿ ಹೆಣೆದಿರುವುದರಿಂದ ತೆಳುವಾಗಿದ್ದರೂ ಹರಿಯದು. ಬ್ರೇಕಿನ ಸ್ಪರ್ಶ ಬೇಕೆನ್ನುವ ಪಂದ್ಯದ ಸವಾರರು ಅಂಗೈಗೆ ಅದನ್ನು ಮೆಚ್ಚುವುದು ಇದಕ್ಕೆ. ಸ್ಟೆಫನಿ ಕ್ವೊಲೆಕ್ 1965ರಲ್ಲಿ ಕಂಡುಹಿಡಿದ ಕೆವ್ಲಾರ್ ಎಳೆ ಒಳಪದರಕ್ಕೆ ಬಂದಿತು. ಬಾಬ್ ಗೋರ್ 1969ರಲ್ಲಿ ಹಿಗ್ಗಿಸಿದ ಸೂಕ್ಷ್ಮರಂಧ್ರದ ಪೊರೆ ಮಳೆಯನ್ನು ತಡೆದು ಬೆವರನ್ನು ಬಿಟ್ಟಿತು. ಇಂಗ್ಲೆಂಡಿನ ರಿಚರ್ಡ್ ಪಾಮರ್ 1999ರಲ್ಲಿ ರೂಪಿಸಿದ, ಮೆಲ್ಲಗೆ ಒತ್ತಿದರೆ ಮೆತ್ತಗಿದ್ದು ಪೆಟ್ಟು ಬಿದ್ದೊಡನೆ ಗಟ್ಟಿಯಾಗುವ ಡಿ3ಓ ಎಂಬ ವಸ್ತು ಗೆಣ್ಣಿನ ಮೇಲಿನ ಕವಚವಾಯಿತು. ಕಾರ್ನ್‌ಫ್ಲೋರ್ ಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಮಕ್ಕಳಿಂದ ಗುದ್ದಿಸಿ ನೋಡಿ. ಅದೇ ಬಗೆಯ ಚಮತ್ಕಾರ. ಅಡುಗೆಮನೆ ಒರೆಸುವ ಹೊಣೆ ನಮ್ಮದಲ್ಲ.

ಇವೆಲ್ಲವನ್ನು ಅಳೆಯುವ ಅಳತೆಗೋಲು ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬಂದಿತು. ಅಲ್ಲಿನ ಶರೀರಕ್ರಿಯಾ ವಿಭಾಗದ ರಾಡರಿಕ್ ವುಡ್ಸ್ ಅವರು ಒರಟು ಉಜ್ಜುಕಾಗದದ ಪಟ್ಟಿಯೊಂದನ್ನು ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿಸಿ, ಅದರ ಮೇಲೆ ಉಡುಪಿನ ತುಂಡನ್ನು ಬೀಳಿಸಿ, ತೂತಾಗಲು ಎಷ್ಟು ಹೊತ್ತು ಬೇಕೆಂದು ಅಳೆಯುವ ವಿಧಾನವನ್ನು ಬೆಳೆಸಿದರು. ಆ ವೇಗ ಗಂಟೆಗೆ 18 ಮೈಲಿ: ನಮ್ಮ ತರುಣ ಬಿದ್ದ ವೇಗಕ್ಕೆ ಹೆಚ್ಚುಕಡಿಮೆ ಸಮ. ಗವಸುಗಳಿಗೆಂದೇ ಯುರೋಪಿನಲ್ಲಿ ಇಎನ್ 13594 ಎಂಬ ಮಾನಕ 2002ರಲ್ಲಿ ಬಂದು, 2015ರಲ್ಲಿ ಬಿಗಿಯಾಯಿತು. ಅದರಲ್ಲಿ ಎರಡು ಹಂತಗಳು. ಮೊದಲ ಹಂತದ ಗವಸಿನ ಅಂಗೈ 4 ಸೆಕೆಂಡ್ ತಡೆಯಬೇಕು, ಎರಡನೆಯದು 8. ಮೊದಲನೆಯದರ ತೋಳಪಟ್ಟಿ ಮಣಿಕಟ್ಟಿನ ಗೆರೆಯಿಂದ 15 ಮಿ.ಮೀ. ದಾಟಿದರೆ ಸಾಕು, ಎರಡನೆಯದು 50. ಪಟ್ಟಿ ಬಿಗಿದ ಮೇಲೆ 25 ನ್ಯೂಟನ್ ಎಳೆತಕ್ಕೂ, ಎರಡನೆಯ ಹಂತದಲ್ಲಿ 50 ನ್ಯೂಟನ್ ಎಳೆತಕ್ಕೂ ಕೈಯಿಂದ ಕಳಚಬಾರದು. ಗೆಣ್ಣಿನ ರಕ್ಷಣೆ ಪರೀಕ್ಷೆಯಲ್ಲಿ ಗೆದ್ದಿದ್ದರೆ ಕೆಪಿ ಎಂಬ ಅಕ್ಷರಗಳಿರುತ್ತವೆ. ಎರಡನೆಯ ಹಂತಕ್ಕೆ ಅದು ಕಡ್ಡಾಯ. ಒಳಗಿನ ಬಟ್ಟೆಯ ಚೀಟಿಯಲ್ಲಿ ಬೈಕ್ ಸವಾರನ ಪುಟ್ಟ ಚಿತ್ರದ ಪಕ್ಕ ಇವನ್ನೆಲ್ಲ ಓದಬಹುದು. ನಮ್ಮ ಸ್ಕೇಫಾಯ್ಡಿಗೆ ಮಾತ್ರ ಆ ಚೀಟಿಯಲ್ಲಿ ಅಕ್ಷರವಿಲ್ಲ. ಅದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ತಟ್ಟಿ ತಿಳಿಯಬೇಕು.

ಈ ಗವಸುಗಳಿಂದ ನಿಜವಾಗಿ ಉಪಯೋಗವುಂಟೇ? ಲಾಸ್ ಏಂಜಲೀಸ್ ಸುತ್ತಿನ 900 ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ ಹ್ಯಾರಿ ಹರ್ಟ್ ಅವರ 1981ರ ವರದಿ, ಬೂಟು ಗವಸು ಮುಂತಾದವು ತರಚು ಗಾಯಗಳನ್ನು ತಡೆಯುತ್ತವೆ ಎಂದು ಹೇಳಿತು. ಆಸ್ಟ್ರೇಲಿಯಾದಲ್ಲಿ ಲಿಜ್ ಡಿ ರೋಮ್ ಮತ್ತು ಸಂಗಡಿಗರು ಬಿದ್ದ 212 ಸವಾರರನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟ. ಬೈಕಿನ ಗವಸು ಧರಿಸಿ ಬಿದ್ದವರು ಆಸ್ಪತ್ರೆಗೆ ದಾಖಲಾಗುವ ಸಂಭವ ಧರಿಸದವರಿಗಿಂತ 59% ಕಡಿಮೆಯಿತ್ತು. ಗವಸು ಹಾಕುವವನು ಸ್ವಭಾವತಃ ಎಚ್ಚರದವನೂ ಆಗಿರಬಹುದು, ಆದ್ದರಿಂದ ಆ ಅಂಕಿಯ ಪೂರ್ತಿ ಶ್ರೇಯಸ್ಸು ಚರ್ಮಕ್ಕೆ ಸಲ್ಲದು ಎಂಬುದು ನಮ್ಮ ಎಣಿಕೆ. ಆದರೆ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಅದೇ ಅಧ್ಯಯನದ ಇನ್ನೊಂದು ಸಾಲಿನಲ್ಲಿದೆ: ಧರಿಸಿದ್ದ ಗವಸುಗಳಲ್ಲಿ ಸುಮಾರು ನಾಲ್ಕರಲ್ಲೊಂದು ಅಪಘಾತದಲ್ಲಿ ಹರಿದೋ ತೂತಾಗಿಯೋ ಸೋತಿತ್ತು. ಬೈಕಿಗೆಂದೇ ಮಾರಿದ ಗವಸಿನ ಗತಿ ಇದು. ಉಣ್ಣೆಯ ಗವಸಿನ ಮಾತೇಕೆ?

ಆ ದೇಶದವರು 2018ರಲ್ಲಿ ಮೋಟೋಕ್ಯಾಪ್ ಎಂಬ ಯೋಜನೆ ತೆರೆದು, ಅಂಗಡಿಯ ಬೈಕ್ ಉಡುಪುಗಳನ್ನೂ ಗವಸುಗಳನ್ನೂ ತಾವೇ ಕೊಂಡು ಪರೀಕ್ಷಿಸಿ ನಕ್ಷತ್ರ ಕೊಡುತ್ತಿದ್ದಾರೆ. ಇಲ್ಲಿರುವವರೂ ಕೊಳ್ಳುವ ಮುನ್ನ ಅದನ್ನು ನೋಡಬಹುದು. ಹಲವು ತಯಾರಕರು ಎರಡೂ ದೇಶಗಳಿಗೆ ಸಮಾನ. ಬೆಲ್ಜಿಯಂನಲ್ಲಿ 2011ರಿಂದಲೂ ಫ್ರಾನ್ಸಿನಲ್ಲಿ 2016ರ ನವೆಂಬರಿನಿಂದಲೂ ಸವಾರನಿಗೂ ಹಿಂದೆ ಕುಳಿತವರಿಗೂ ಗವಸು ಕಾನೂನು. ಕಾಲುವೆ ದಾಟಿ ಬೈಕಿನಲ್ಲಿ ಪ್ರವಾಸ ಹೋಗುವ ನಮ್ಮ ಸದಸ್ಯ ದಂಪತಿಗಳು ಗಮನಿಸಬೇಕು. ಬ್ರಿಟನ್ನಿನಲ್ಲಿ ತರಬೇತಿ ಮತ್ತು ಪರೀಕ್ಷೆಯ ದಿನ ಕೇಳುತ್ತಾರೆ. ಆಮೇಲೆ ಯಾರೂ ಕೇಳುವುದಿಲ್ಲ.

ಡಿಸೆಂಬರಿನಲ್ಲಿ ಆ ತರುಣನ ಜೊತೆ ನಾವು ಅಂಗಡಿಗೆ ಹೋದೆವು. ಅವನು ಮೊದಲು ಕೈಹಾಕಿದ್ದು ಎಲ್ಲಕ್ಕಿಂತ ದಪ್ಪನೆಯ ಗವಸಿಗೆ. ಅದರಲ್ಲಿ ಬ್ರೇಕಿನ ಹಿಡಿಯೇ ಅವನಿಗೆ ತಿಳಿಯಲಿಲ್ಲ. ಹಿತವಲ್ಲದ ಗವಸು ಎರಡನೆಯ ವಾರದಿಂದ ಬೀರುವಿನಲ್ಲಿ ಉಳಿಯುತ್ತದೆ. ಮುಷ್ಟಿ ಬಿಗಿದಾಗ ಗೆಣ್ಣಿನ ಮೇಲೆ ಒತ್ತಬಾರದು, ಬೆರಳ ತುದಿ ಚರ್ಮಕ್ಕೆ ತಾಗಿ ಬಾಗಬಾರದು, ಹ್ಯಾಂಡಲ್ ಹಿಡಿದಾಗ ಅಂಗೈಯಲ್ಲಿ ಮಡಿಕೆ ಏಳಬಾರದು. ಒಳಗಿನ ಹೊಲಿಗೆ ಉಗುರಿನ ಬುಡಕ್ಕೆ ಚುಚ್ಚುವುದೇ ಎಂದು ಹತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ಸುತ್ತಬೇಕು, ಮಾರುವವರು ಬೇಸರಿಸುವುದಿಲ್ಲ. ಕೊನೆಗೆ ಪಟ್ಟಿ ಬಿಗಿದು, ಇನ್ನೊಬ್ಬರಿಂದ ಬೆರಳ ತುದಿ ಹಿಡಿಸಿ ಜೋರಾಗಿ ಎಳೆಸಬೇಕು. ನಾವು ಎಳೆದ ಮೂರು ಜೋಡಿಗಳಲ್ಲಿ ಒಂದು ಸಲೀಸಾಗಿ ನಮ್ಮ ಕೈಗೇ ಬಂದಿತು. ನೋಡಲು ಅದೇ ಚೆಂದವಿತ್ತು, ಬೆಲೆಯೂ ಹೆಚ್ಚು. ಅವನು ಮೇಕೆ ಚರ್ಮದ ಅಂಗೈಯ, ಬುಡದಲ್ಲಿ ನುಣುಪು ತುಂಡಿರುವ, ಮೊದಲ ಹಂತದ ಕೆಪಿ ಗುರುತಿನ ಜೋಡಿಯೊಂದನ್ನು ಕೊಂಡನು. ಎರಡನೆಯ ಹಂತದ್ದು ಅವನ ಜೇಬಿಗೆ ಎಟುಕಲಿಲ್ಲ. ಚಳಿಗೆ ಒಳಗೆ ತೆಳುವಾದ ರೇಷ್ಮೆಯ ಒಳಗವಸು ಹಿಡಿಸುವಂತೆ ಅರ್ಧ ಅಂಕಿ ಹೆಚ್ಚಿನದನ್ನು ಆರಿಸಿದೆವು.

ಅವನಂತಹ ವಿದ್ಯಾರ್ಥಿಗಳು ನಮ್ಮ ಬಳಗದಲ್ಲಿ ಈಗ ಕಡಿಮೆಯಿಲ್ಲ. ಯುಗಾದಿ ಕೂಟಕ್ಕೆ ಬರುವಾಗ, ಬೈಕ್ ಮಾರಿದ ಮೇಲೆ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಒಳ್ಳೆಯ ಗವಸುಗಳಿದ್ದರೆ ತನ್ನಿ. ತರಬೇತಿಗೆ ಹೋಗುವವರಿಗೆ ಎರವಲು ಕೊಡಲು ಒಂದು ಪೆಟ್ಟಿಗೆ ಇಡುತ್ತೇವೆ. ಒಮ್ಮೆ ಬಿದ್ದ ಗವಸನ್ನು ಮಾತ್ರ ತರಬೇಡಿ, ಹೊರಗೆ ಹರಿದು ಕಾಣದಿದ್ದರೂ ಅದರ ಹೊಲಿಗೆ ಸಡಿಲಿರುತ್ತದೆ. ಕೈ ಅಳೆಯಲು ದರ್ಜಿಯ ಟೇಪು ನೋಂದಣಿ ಮೇಜಿನ ಮೇಲಿರುತ್ತದೆ.